ಎನ್‌ಇಎಸ್ ಕನ್ಸೋಲ್: ಸಾಕೆಟ್ ಬದಲಿಸಿದ ಮೇಲೆ ಎ ಬಟನ್ ಒತ್ತಿದರೆ ಎಲ್ಲವೂ ಒತ್ತಿದಂತಾಗುತ್ತಿದೆ

ಪ್ರಶ್ನೆ:
ನಿಂಟೆಂಡೊ ಕಂಪನಿಯ ಹಳೆಯ ಗೇಮ್ ಕನ್ಸೋಲ್ ಎನ್‌ಇಎಸ್‌ನ ಸವೆದ ಮೂಲ ಪೋರ್ಟನ್ನು ತೆಗೆದು, ಆ ಜಾಗದಲ್ಲಿ 9 ಪಿನ್ನಿನ ಸಾಕೆಟ್ ಕೂರಿಸಿ, ಕಂಟ್ರೋಲರಿನ ಐದು ವೈರುಗಳನ್ನು ಅದಕ್ಕೆ ಜೋಡಿಸಿದ್ದೇನೆ. ಈಗ ಎ ಬಟನ್ ಒತ್ತಿದರೆ ಎಂಟೂ ಬಟನ್‌ಗಳನ್ನು ಒಟ್ಟಿಗೆ ಒತ್ತಿದಂತೆ ಆಟ ವರ್ತಿಸುತ್ತದೆ. ಉಳಿದವು ಕೆಲಸವೇ ಮಾಡುವುದಿಲ್ಲ. ಕಂಟ್ರೋಲರ್ ಕೆಟ್ಟಿರಬಹುದೇ?

ಉತ್ತರ 1:
ಕಂಟ್ರೋಲರಿನ ಮೇಲೆ ಅನುಮಾನ ಬೇಡ, ಕ್ಲಾಕ್ ವೈರನ್ನು (ಮುಂದಿನ ಬಟನ್ನಿಗೆ ಸರಿ ಎಂದು ಕನ್ಸೋಲ್ ಪಲ್ಸ್ ಕಳಿಸುವ ವೈರು) ನೋಡಿ. ಕಂಟ್ರೋಲರಿನ ಒಳಗಿನ 4021 ಶಿಫ್ಟ್ ರಿಜಿಸ್ಟರ್ ಎಂಬ ಐಸಿ (ಚಿಪ್), ಲ್ಯಾಚ್ ಸಂಕೇತ ಬಂದಾಗ ಎಂಟು ಬಟನ್‌ಗಳ ಸ್ಥಿತಿಯನ್ನು ಹಿಡಿದಿಟ್ಟುಕೊಂಡು, ಪ್ರತಿ ಕ್ಲಾಕ್ ಪಲ್ಸ್‌ಗೆ ಒಂದರಂತೆ ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ ಎಂಬ ಕ್ರಮದಲ್ಲಿ ಡೇಟಾ ವೈರಿಗೆ ಕಳಿಸುತ್ತದೆ. ಪಲ್ಸ್ ತಲುಪದಿದ್ದರೆ ಸಾಲು ಮುಂದೆ ಸರಿಯದೆ, ಕನ್ಸೋಲ್ ಎಂಟು ಸಲವೂ ಎ ಬಟನ್ನನ್ನೇ ಓದುತ್ತದೆ. ವಿದ್ಯುತ್ ತೆಗೆದು, ಮಲ್ಟಿಮೀಟರನ್ನು ಕಂಟಿನ್ಯೂಟಿಗೆ (ಸಂಪರ್ಕ ಕಡಿದಿಲ್ಲದಿದ್ದರೆ ಬೀಪ್ ಎನ್ನುವ ಸೆಟ್ಟಿಂಗ್) ಇಟ್ಟು, ಐಸಿಯ 10ನೇ ಪಿನ್ನಿನಿಂದ ಸಾಕೆಟ್‌ವರೆಗೆ, ಅಲ್ಲಿಂದ ಕನ್ಸೋಲಿನ ಬೋರ್ಡಿನವರೆಗೆ ಪರೀಕ್ಷಿಸಿ.

ಉತ್ತರ 2:
ಬಣ್ಣವನ್ನು ಮಾತ್ರ ನಂಬಬೇಡಿ. ಮೂಲ ಕೇಬಲಿನಲ್ಲಿ ಕೆಂಪು ವೈರು ಕ್ಲಾಕ್, ಬಿಳಿಯದು 5 ವೋಲ್ಟ್, ಕಂದು ಗ್ರೌಂಡ್. ಕೆಂಪನ್ನು ಕಂಡೊಡನೆ ವಿದ್ಯುತ್ ಎಂದುಕೊಳ್ಳುವುದು ಸಹಜವಾದರೂ ಇಲ್ಲಿ ಅದು ನಡೆಯದು. ನಕಲಿ ಕೇಬಲ್‌ಗಳಲ್ಲಂತೂ ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಇನ್ನೊಂದು ಮಾತು: ಸೆಗಾ ಮೆಗಾ ಡ್ರೈವ್ ಎಂಬ ಇನ್ನೊಂದು ಕನ್ಸೋಲಿನ ಕಂಟ್ರೋಲರ್ ಕೂಡ 9 ಪಿನ್ನಿನದು, ನಿಮ್ಮ ಸಾಕೆಟ್ಟಿಗೆ ಕೂರುತ್ತದೆ, ಆದರೆ ಅದರ ಸಂಕೇತಗಳೇ ಬೇರೆ. ಸಾಕೆಟ್ಟಿನ ಮೇಲೆ ಒಂದು ಚೀಟಿ ಅಂಟಿಸಿಡಿ.

ಪ್ರಶ್ನೆ ಕೇಳಿದವರು:
ಐಸಿಯಿಂದ ಸಾಕೆಟ್‌ವರೆಗೆ ಮೀಟರ್ ಬೀಪ್ ಎನ್ನುತ್ತದೆ, ಅಲ್ಲಿಂದ ಬೋರ್ಡಿಗೆ ಇಲ್ಲ. ಹೀಟ್‌ಶ್ರಿಂಕ್ (ಬೆಸುಗೆಯನ್ನು ಮುಚ್ಚುವ ಪ್ಲಾಸ್ಟಿಕ್ ಕೊಳವೆ) ಬಿಚ್ಚಿದಾಗ ಕ್ಲಾಕ್ ವೈರಿನ ಎಳೆಗಳು ಬೆಸುಗೆಯ ಅಂಚಿನಲ್ಲೇ ತುಂಡಾಗಿದ್ದವು. ಮತ್ತೆ ಬೆಸೆದ ಮೇಲೆ ಎಂಟೂ ಬಟನ್‌ಗಳು ಸರಿಯಾಗಿವೆ.