ಅಪ್‌ಡೇಟ್: ಬೈಪ್ಲೇನ್‌ಗೆ 35 ಸಿಸಿ ಎಂಜಿನ್ ಕೂರಿಸಿದೆ

20 ಸಿಸಿ ತೆಗೆದು 35 ಸಿಸಿ ಪೆಟ್ರೋಲ್ ಎಂಜಿನ್ ಹಾಕಿದರೆ ನನ್ನ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಬೈಪ್ಲೇನ್‌ನ, ಅಂದರೆ ಮೇಲೊಂದು ಕೆಳಗೊಂದು ರೆಕ್ಕೆ ಇರುವ ಮಾದರಿ ವಿಮಾನದ, ಮೂಗು ಭಾರವಾಗುತ್ತಾ ಅಂತ ಕೇಳಿದ್ದೆ. ಭಾರವೇನೋ ಆಯಿತು, ಆದರೆ ಅದರಿಂದ ಒಳ್ಳೆಯದೇ ಆಯಿತು. ಬೈಪ್ಲೇನ್ ಮೂಗು ಗಿಡ್ಡ ಅಲ್ವಾ, ಇಷ್ಟು ದಿನ ತೂಕ ಸರಿದೂಗಿಸಲು ಮೂಗಿನಲ್ಲಿ ಸುಮ್ನೆ ಸೀಸ ಹೊತ್ತು ಹಾರುತ್ತಿತ್ತು. ಅದನ್ನು ಪೂರ್ತಿ ತೆಗೆದೆ. ಇಗ್ನಿಷನ್ ಬ್ಯಾಟರಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ ಮೇಲೆ ಸಿಜಿ (ವಿಮಾನದ ತೂಕ ಸಮತೂಗುವ ಬಿಂದು) ಹಳೆಯ ಗುರುತಿಗೇ ಬಂತು.

ನಿಜವಾದ ಕೆಲಸ ಇದ್ದದ್ದು ಫೈರ್‌ವಾಲ್‌ನಲ್ಲಿ, ಅಂದರೆ ಎಂಜಿನ್ ಕೂರಿಸುವ ಮುಂದಿನ ಹಲಗೆಯಲ್ಲಿ. ಕೌಲ್ (ಎಂಜಿನ್ ಮೇಲಿನ ಮುಚ್ಚಳ) ಬಿಚ್ಚಿ ಟಾರ್ಚ್ ಹಿಡಿದರೆ, ಮೂಲೆಯ ಅಂಟಿನಲ್ಲಿ ಕೂದಲೆಳೆಯಷ್ಟು ಬಿರುಕು! ತ್ರಿಕೋನದ ಮರದ ಪಟ್ಟಿ ಇಟ್ಟು ಎಪಾಕ್ಸಿ ಹಚ್ಚಿದೆ. ಬೋಲ್ಟುಗಳಿಗೆಲ್ಲ ಥ್ರೆಡ್‌ಲಾಕ್ (ಸಡಿಲವಾಗದಂತೆ ಹಿಡಿಯುವ ಅಂಟು). ಬಿಸಿಗಾಳಿ ಹೊರಹೋಗುವ ಕಿಂಡಿಯನ್ನೂ ದೊಡ್ಡದು ಮಾಡಿದೆ.

ಈಗ ಅರ್ಧ ಥ್ರಾಟಲ್‌ನಲ್ಲೇ ಆರಾಮಾಗಿ ಹಾರುತ್ತದೆ. ಫುಲ್ ಕೊಡುವುದು ಮೇಲೇರುವಾಗ ಮಾತ್ರ, ಡೈವ್‌ನಲ್ಲಿ ಖಂಡಿತ ಇಲ್ಲ. ಫೈರ್‌ವಾಲ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.