ಹಿತ್ತಿಲ ಬಾಗಿಲು ತೆಗೆದು ಬಾವಿ ಕಡೆ ಓಡುವ ಮಗು

ತೋಟದಮನೆ, ತೀರ್ಥಹಳ್ಳಿ:
7 ವರ್ಷದ ಹುಡುಗ, ತೀವ್ರ ಆಟಿಸಂ, ಮಾತಿಲ್ಲ. ಚಿಲಕ ತೆಗೆಯೋದು ಕಲಿತಿದ್ದಾನೆ. ಕಣ್ಣು ತಪ್ಪಿದರೆ ಬಾವಿ ಹತ್ರ. ಮಳೆಗಾಲಕ್ಕೆ ಮೊದಲು ಏನು ಮಾಡ್ಬೇಕು?

ಮಲೆನಾಡಿಗ:
ಮೊದಲು ಬಾವಿಗೆ ಕಬ್ಬಿಣದ ಜಾಲರಿ, ಬೀಗ. ನೈಲಾನ್ ಬಲೆ ಸಾಲದು, ಭಾರಕ್ಕೆ ಜಗ್ಗುತ್ತೆ. ಬಾಗಿಲಿಗೆ ಐದೂವರೆ ಅಡಿ ಎತ್ತರದಲ್ಲಿ ಇನ್ನೊಂದು ಚಿಲಕ, ಜೊತೆಗೆ ದನದ ಗಂಟೆ. ಹಂಚಿನ ಮೇಲೆ ಮಳೆ ಹೊಯ್ಯುವಾಗ ಗಂಟೆ ಕೇಳಲ್ಲ ಬಿಡಿ, ಆಗ ಬ್ಯಾಟರಿ ಅಲಾರಂ ಬೇಕು.

ಹೊಸನಗರದಿಂದ:
ಚಿಲಕ ಅರ್ಧ ಕೆಲಸ ಅಷ್ಟೆ. ಅವನಿಗೆ ಬೇಕಿರೋದು ನೀರು. ದಿನಾ ಒಂದೇ ಹೊತ್ತಿಗೆ ಬಚ್ಚಲಲ್ಲಿ 20 ನಿಮಿಷ ಬಕೆಟ್ಟು, ಚೊಂಬು ಕೊಡಿ, ಪಕ್ಕದಲ್ಲೇ ಕೂತಿರಿ. ಬಕೆಟ್ಟಿನ ಫೋಟೋ ಬಾಗಿಲಿಗೆ ಅಂಟಿಸಿ, ಅವನು ಅದನ್ನ ಕಿತ್ತು ತಂದುಕೊಟ್ಟರೆ ನೀರು ಕೇಳಿದ ಹಾಗೆ, ತಕ್ಷಣ ನೀರು ಕೊಡಿ. ಕೂಗ್ತಾ ಅಟ್ಟಿಸಿಕೊಂಡು ಹೋದ್ರೆ ಅದೇ ಆಟ ಆಗುತ್ತೆ.

ಹಳೇ ಸದಸ್ಯ:
ಕಾಣದಿದ್ದರೆ ಮೊದಲು ಬಾವಿ, ಕೆರೆ, ಕೃಷಿಹೊಂಡ ನೋಡಿ, ಮನೆಯೊಳಗೆ ಆಮೇಲೆ. ಫೋನ್ ನಂಬರ್ ಅಂಗಿಯ ಒಳಗೆ ಹೊಲಿಯಿರಿ, ಕೊರಳ ಕಾರ್ಡು ಕಿತ್ತೆಸೀತಾರೆ.