ಕೀಮೋ ಪೋರ್ಟಿನ ‘ಫ್ಲಶ್’, ‘ಲಾಕ್’: ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಮೈಸೂರಿನಲ್ಲಿ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ದಾದಿಯರಿಗಾಗಿ, ಎದೆಯ ಚರ್ಮದಡಿ ಕೂರಿಸಿ, ಕೊಳವೆಯ ಮೂಲಕ ರಕ್ತನಾಳಕ್ಕೆ ಔಷಧ ಬಿಡುವ ಕೀಮೋ ಪೋರ್ಟಿನ ಆರೈಕೆಯ ಕುರಿತು ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ‘ಪೋರ್ಟ್’ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಬಂದರು’ ಎಂದರೆ ನಗೆಪಾಟಲಾದೀತು. ತೊಡಕಿರುವುದು ಕ್ರಿಯಾಪದಗಳಲ್ಲಿ.

ಮೊದಲನೆಯದು ‘ಫ್ಲಶ್’. ಔಷಧ ಕೊಟ್ಟ ಮೇಲೆ, ರಕ್ತ ತೆಗೆದ ಮೇಲೆ, ಚಿಕಿತ್ಸೆಯಿಲ್ಲದ ದಿನಗಳಲ್ಲಿ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ, ಪೋರ್ಟಿಗೆಂದೇ ಇರುವ ಹೂಬರ್ ಸೂಜಿಯ ಮೂಲಕ ಸಲೈನ್ ಬಿಡುವ ಕೆಲಸವಿದು. ‘ತೊಳೆಯಿರಿ’ ಎಂದು ಬರೆದರೆ, ಸೂಜಿ ಚುಚ್ಚುವ ಮುನ್ನ ಚರ್ಮವನ್ನು ಕ್ರಿಮಿನಾಶಕವಾದ ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸಿ ಆರಲು ಬಿಡುವ ಕೆಲಸದೊಡನೆ ಅದು ಬೆರೆತುಹೋಗುತ್ತದೆ. ‘ಹಾಯಿಸು’ ನನಗೆ ಹಿಡಿಸಿತು. ಗದ್ದೆಗೆ ನೀರು ಹಾಯಿಸುವ ಮಾತು ಮಂಡ್ಯದ ಕಡೆಯ ಸಿಸ್ಟರ್‌ಗಳಿಗೆ ಹೊಸತೇನಲ್ಲ. ಆದರೆ ಗದ್ದೆಗೆ ಹಾಯುವ ನೀರು ಒಂದೇ ಸಮನೆ ಹರಿಯುತ್ತದೆ. ಪೋರ್ಟಿಗೆ ಬೇಕಾದದ್ದು ತುಸು ಒತ್ತಿ, ತಡೆದು, ಮತ್ತೆ ಒತ್ತುವ ಕ್ರಮ, ಏಕೆಂದರೆ ಒಳಗೋಡೆಗೆ ಅಂಟಿದ ರಕ್ತ ಮತ್ತು ಔಷಧದ ಉಳಿಕೆ ಕದಲುವುದು ಆ ಏರಿಳಿತದಿಂದ. ಆದ್ದರಿಂದ ‘ಬಿಟ್ಟುಬಿಟ್ಟು ಒತ್ತಿ ಹಾಯಿಸಿ’ ಎಂದಿಟ್ಟಿದ್ದೇನೆ. 10 ಮಿ.ಲೀ.ಗಿಂತ ಚಿಕ್ಕ ಸಿರಿಂಜಿನಲ್ಲಿ ಒತ್ತಡ ವಿಪರೀತವಾಗಿ ಕೊಳವೆ ಬಿರಿಯುವ ಅಪಾಯವಿರುವುದರಿಂದ, ‘ಒತ್ತಿ’ ಎಂಬುದನ್ನು ಬಲಪ್ರಯೋಗಕ್ಕೆ ಕೊಟ್ಟ ಅಪ್ಪಣೆಯೆಂದು ಯಾರಾದರೂ ಓದಿಕೊಂಡಾರೆಂಬ ಅಳುಕು ಮಾತ್ರ ಉಳಿದಿದೆ.

‘ಲಾಕ್’ ಇನ್ನೂ ಕಷ್ಟದ್ದು. ‘ಬೀಗ ಹಾಕಿ’ ಎಂದರೆ ಕೊಳವೆ ಮುಚ್ಚುವ ಕ್ಲಾಂಪ್ ಒತ್ತಿದರೆ ಮುಗಿಯಿತೆಂದು ತಿಳಿಯುವ ಸಂಭವವಿದೆ. ನಿಜವಾದ ಕೆಲಸವೆಂದರೆ ಕೊಳವೆಯೊಳಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ದ್ರಾವಣ ನಿಲ್ಲುವಂತೆ ಮಾಡುವುದು, ಕೊನೆಯ ಹನಿಗಳನ್ನು ಬಿಡುತ್ತಿರುವಾಗಲೇ ಕ್ಲಾಂಪ್ ಮುಚ್ಚಿ ರಕ್ತ ತುದಿಯೊಳಗೆ ಹಿಂದೆ ಸರಿಯದಂತೆ ನೋಡಿಕೊಳ್ಳುವುದು. ಕೆಲವೆಡೆ ಹೆಪಾರಿನ್ ಬದಲು ಸಲೈನನ್ನೇ ನಿಲ್ಲಿಸುವುದೂ ಉಂಟು. ‘ತುಂಬಿ ನಿಲ್ಲಿಸಿ’ ಸಾಕಾದೀತೇ?

‘ಬ್ಲಡ್ ರಿಟರ್ನ್’ ಎಂಬುದಕ್ಕೆ ‘ರಕ್ತದ ಮರಳುವಿಕೆ’ ಎಂಬ ಪದ ಸೂಚಿಸಿದವರಿದ್ದಾರೆ. ನಾನು ಒಪ್ಪಲಾರೆ, ಅದನ್ನು ಓದಿದ ದಾದಿಗೆ ಮಾಡಬೇಕಾದದ್ದೇನೆಂದು ಹೊಳೆಯುವುದಿಲ್ಲ. ಸೂಜಿ ಜಾಗದಲ್ಲಿ ಕೂತಿಲ್ಲದೆ ಡಾಕ್ಸೊರೂಬಿಸಿನ್‌ನಂತಹ ಔಷಧ ಹೊರಗೆ ಸೋರಿದರೆ ಸುತ್ತಲ ಮಾಂಸವೇ ಸುಟ್ಟಂತಾಗಿ ಕೊಳೆಯಬಹುದಾದ ಕಾರಣ, ‘ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬಂದುದನ್ನು ಕಂಡ ಮೇಲೆಯೇ ಔಷಧ ಬಿಡಿ’ ಎಂದು ಉದ್ದವಾಗಿಯೇ ಬರೆದಿದ್ದೇನೆ.

‘ನರ’ದ ಪ್ರಶ್ನೆಯೂ ಇದೆ. ಪಠ್ಯದ ‘ಅಭಿಧಮನಿ’ (ವೇನ್) ವಾರ್ಡಿನಲ್ಲಿ ಯಾರ ಬಾಯಲ್ಲೂ ಇಲ್ಲ; ‘ನರ ಸಿಗ್ತಿಲ್ಲ’ ಎಂಬುದೇ ರೂಢಿ. ಪೋರ್ಟ್ ಇಡುವುದೂ ಎಷ್ಟೋ ವೇಳೆ ಕೈಯ ರಕ್ತನಾಳ ಸಿಗದ ಕಾರಣಕ್ಕೇ. ಆದರೆ ಕತ್ತಿನ ‘ನರ’ದೊಳಗೆ ಕೊಳವೆ ಹೋಗುತ್ತದೆಂದರೆ ಲಕ್ವ ಹೊಡೆದೀತೆಂದು ರೋಗಿ ಹೆದರಬಹುದು. ಆದ್ದರಿಂದ ಕೈಪಿಡಿಯಲ್ಲಿ ‘ರಕ್ತನಾಳ’ ಎಂದೇ ಬಳಸಿದ್ದೇನೆ.

‘ಲಾಕ್’ ಎಂಬುದಕ್ಕೆ ‘ತುಂಬಿ ನಿಲ್ಲಿಸಿ’ಗಿಂತ ಚಿಕ್ಕದಾದ, ಎರಡರ್ಥಕ್ಕೆಡೆಯಿಲ್ಲದ ಕ್ರಿಯಾಪದ ಬಲ್ಲವರು ದಯವಿಟ್ಟು ತಿಳಿಸಬೇಕು. ಅದು ಸಿಸ್ಟರ್‌ಗಳ ಬಾಯಿಂದಲೇ ಕೇಳಿದ್ದಾದರೆ ಇನ್ನೂ ಒಳ್ಳೆಯದು.